ಚಾರಣಕ್ಕೆ ಹಗುರ ಮಸೂರ

ಚಾರಣಕ್ಕೆ ಹಗುರ ಮಸೂರ ಎಂದರೆ ಬೆಟ್ಟ, ಕಾಡು, ಕೋಟೆ, ಬಯಲುಗಳಲ್ಲಿ ಬಹಳ ಹೊತ್ತು ಕಾಲ್ನಡಿಗೆಯಲ್ಲಿ ಸಾಗುವವರು ಹೆಗಲಿಗೆ ಹೊರೆಯಾಗದಂತೆ ಒಯ್ಯಬಹುದಾದ ಕ್ಯಾಮೆರಾ ಮಸೂರ. ಬಳಕೆಯ ಮಾತಿನಲ್ಲಿ ಮಸೂರವನ್ನು ಲೆನ್ಸ್ ಎಂದೇ ಕರೆಯುತ್ತಾರೆ. ಮಸೂರವನ್ನು ಬದಲಿಸಬಹುದಾದ ಕ್ಯಾಮೆರಾಗಳಲ್ಲಿ ಒಟ್ಟು ಹೊರೆಯ ದೊಡ್ಡ ಪಾಲು ಅನೇಕ ವೇಳೆ ಮಸೂರದ್ದೇ ಆಗಿರುತ್ತದೆ. ಆದ್ದರಿಂದ ಚಾರಣಿಗರು ಕ್ಯಾಮೆರಾಕ್ಕಿಂತ ಮಸೂರದ ಆಯ್ಕೆಯಲ್ಲಿ ಹೆಚ್ಚು ವಿವೇಚನೆ ತೋರಬೇಕಾಗುತ್ತದೆ.

ಮಸೂರದ ತೂಕ, ಅದು ಒಳಬಿಡುವ ಬೆಳಕು ಮತ್ತು ಅದು ದೂರದ ವಸ್ತುವನ್ನು ಹತ್ತಿರಕ್ಕೆ ತರುವ ಶಕ್ತಿ, ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ಬಿಟ್ಟುಕೊಡಬೇಕಾಗುತ್ತದೆ. ಹೀಗಾಗಿ ಹಗುರ ಮಸೂರದ ಆಯ್ಕೆಯೆಂದರೆ ಅತಿ ಕಡಿಮೆ ತೂಕದ್ದನ್ನು ಹುಡುಕುವುದಷ್ಟೇ ಅಲ್ಲ. ಹೋಗಲಿರುವ ದಾರಿಯಲ್ಲಿ ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸುವುದು. ಬೀದರ್ ಸೀಮೆಯ ಬಿಸಿಲ ಬಯಲಿಗೆ ಸಾಕಾಗುವ ಮಸೂರ ಆಗುಂಬೆಯ ಮಳೆಕಾಡಿಗೆ ಸಾಲದೆ ಹೋಗಬಹುದು.

ಇತಿಹಾಸ

ಛಾಯಾಗ್ರಹಣದ ಆರಂಭ ಕಾಲದಲ್ಲಿ ಹೊರಾಂಗಣದ ಚಿತ್ರಗಳನ್ನು ತೆಗೆಯುವುದು ಹಲವರ ದುಡಿಮೆಯನ್ನು ಬೇಡುವ ಕೆಲಸವಾಗಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಸ್ಮಾರಕಗಳನ್ನು ಸುಮಾರು 16 ಅಂಗುಲ ಅಗಲ, 18 ಅಂಗುಲ ಉದ್ದದ ಮೇಣಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. ಕಾಗದವು ಗಾಜಿನ ಫಲಕಕ್ಕಿಂತ ಹಗುರವಾಗಿದ್ದರೂ ಅಷ್ಟು ದೊಡ್ಡ ನೆಗೆಟಿವ್ ಹಿಡಿಸುವ ಕ್ಯಾಮೆರಾ ಬೃಹತ್ತಾಗಿಯೇ ಇರಬೇಕಿತ್ತು. 1860ರ ದಶಕದಲ್ಲಿ ಹಿಮಾಲಯದಲ್ಲಿ ಸಂಚರಿಸಿದ ಸ್ಯಾಮ್ಯುಯೆಲ್ ಬೋರ್ನ್ ಗಾಜಿನ ಫಲಕ, ರಾಸಾಯನಿಕ ಮತ್ತು ಕತ್ತಲೆ ಡೇರೆಗಳನ್ನು ಹೊರಲು ಹತ್ತಾರು ಹಮಾಲರನ್ನು ಜೊತೆಗೆ ಕರೆದೊಯ್ಯುತ್ತಿದ್ದನು. ಇಟಲಿಯ ಪರ್ವತಾರೋಹಿ ವಿಟ್ಟೋರಿಯೊ ಸೆಲ್ಲಾ 30 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಗಾಜಿನ ಫಲಕಗಳನ್ನು ಆಲ್ಪ್ಸ್ ಶಿಖರಗಳಿಗೆ ಒಯ್ದನು.

ಒಬ್ಬನೇ ಹೊತ್ತು ನಡೆಯಬಹುದಾದ ಕ್ಯಾಮೆರಾದ ಕಲ್ಪನೆ ಕೈಗೂಡಿದ್ದು ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ. ಲೈಟ್ಸ್ ಸಂಸ್ಥೆಯ ತಂತ್ರಜ್ಞ ಆಸ್ಕರ್ ಬಾರ್ನಾಕ್ ಪ್ರಕೃತಿಯ ಚಿತ್ರಗಳನ್ನು ತೆಗೆಯುವ ಹವ್ಯಾಸಿಯಾಗಿದ್ದನು. ಉಬ್ಬಸದ ತೊಂದರೆಯಿದ್ದ ಆತನಿಗೆ ಭಾರವಾದ ಫಲಕ ಕ್ಯಾಮೆರಾವನ್ನು ಗುಡ್ಡ ಹತ್ತಿಸುವುದು ಕಷ್ಟವಾಗುತ್ತಿತ್ತು. ಚಲನಚಿತ್ರದ 35 ಮಿ.ಮೀ. ಫಿಲ್ಮನ್ನು ಬಳಸಿ ಆತ 1913–14ರ ವೇಳೆಗೆ ರೂಪಿಸಿದ ಪುಟ್ಟ ಕ್ಯಾಮೆರಾವೇ 1925ರಲ್ಲಿ ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಚಿತ್ರದ ಅಳತೆಯಾದ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ ಇಂದಿಗೂ ಪೂರ್ಣ ಚೌಕಟ್ಟಿನ ಕ್ಯಾಮೆರಾಗಳ ಅಳತೆಯಾಗಿ ಉಳಿದಿದೆ.

ಇದೇ ಸಂಸ್ಥೆಯು 1932ರಲ್ಲಿ 105 ಮಿ.ಮೀ. ಎಫ್/6.3 ಅಳತೆಯ ಎಲ್ಮಾರ್ ಮಸೂರವನ್ನು ಹೊರತಂದಿತು. ಪರ್ವತಾರೋಹಿಗಳನ್ನೂ ಚಾರಣಿಗರನ್ನೂ ಉದ್ದೇಶಿಸಿ ಮಾಡಿದ ಈ ಮಸೂರ ಬೆರ್ಗ್ ಎಲ್ಮಾರ್ ಎಂದು ಹೆಸರಾಯಿತು. ಬೆರ್ಗ್ ಎಂದರೆ ಜರ್ಮನ್ ಭಾಷೆಯಲ್ಲಿ ಬೆಟ್ಟ. ಅದರ ವಿನ್ಯಾಸಕರು ತೂಕವನ್ನು ತಗ್ಗಿಸಲು ಬೆಳಕನ್ನು ಬಿಟ್ಟುಕೊಟ್ಟರು. ಬೆಟ್ಟದ ಮೇಲೆ ಹಗಲಿನ ಬೆಳಕಿಗೆ ಕೊರತೆಯಿಲ್ಲ ಎಂಬ ತರ್ಕ ಇದರ ಹಿಂದಿತ್ತು. ಚಾರಣದ ಮಸೂರವನ್ನು ಆರಿಸುವಾಗ ಇಂದಿಗೂ ಅನ್ವಯಿಸುವ ತರ್ಕ ಇದೇ.

ಸಂಗಮ ದೂರವನ್ನು ಬದಲಿಸಬಹುದಾದ ಜೂಮ್ ಮಸೂರ 35 ಮಿ.ಮೀ. ಸ್ಥಿರಚಿತ್ರ ಕ್ಯಾಮೆರಾಗಳಿಗೆ ಮೊದಲ ಬಾರಿಗೆ ದೊರೆತದ್ದು 1959ರಲ್ಲಿ, ಫಾಯ್‌ಕ್ಟ್‌ಲೆಂಡರ್ ಸಂಸ್ಥೆಯ ಜೂಮಾರ್ ಮೂಲಕ. ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆಯುಳ್ಳ, ಬದಲಿಸಬಹುದಾದ ಮಸೂರವನ್ನು ಕ್ಯಾನನ್ 1995ರಲ್ಲಿ ತಂದಿತು. 2008ರಲ್ಲಿ ಒಲಿಂಪಸ್ ಮತ್ತು ಪ್ಯಾನಸಾನಿಕ್ ಜೊತೆಗೂಡಿ ಪ್ರಕಟಿಸಿದ ಮೈಕ್ರೊ ಫೋರ್ ಥರ್ಡ್ಸ್ ಪದ್ಧತಿ ಕ್ಯಾಮೆರಾ ಮತ್ತು ಮಸೂರ ಎರಡನ್ನೂ ಕಿರಿದುಗೊಳಿಸಿತು.

ತೂಕದ ಕಾರಣಗಳು

ಮಸೂರದ ಮೇಲೆ ಎರಡು ಮುಖ್ಯ ಸಂಖ್ಯೆಗಳನ್ನು ನಮೂದಿಸಿರುತ್ತಾರೆ. ಮೊದಲನೆಯದು ಸಂಗಮ ದೂರ. ಛಾಯಾಗ್ರಾಹಕರು ಇದನ್ನು ಫೋಕಲ್ ಲೆಂತ್ ಎನ್ನುತ್ತಾರೆ. ಇದು ಮಿಲಿಮೀಟರಿನಲ್ಲಿರುತ್ತದೆ. ಸಂಗಮ ದೂರ ಕಡಿಮೆಯಾದಷ್ಟೂ ನೋಟ ವಿಶಾಲವಾಗುತ್ತದೆ, ಹೆಚ್ಚಾದಷ್ಟೂ ನೋಟ ಕಿರಿದಾಗಿ ದೂರದ ವಸ್ತು ದೊಡ್ಡದಾಗಿ ಕಾಣುತ್ತದೆ. ಎರಡನೆಯದು ಎಫ್-ಸಂಖ್ಯೆ. ಸಂಗಮ ದೂರವನ್ನು ಬೆಳಕು ಒಳಬರುವ ಕಂಡಿಯ ವ್ಯಾಸದಿಂದ ಭಾಗಿಸಿದರೆ ದೊರೆಯುವ ಸಂಖ್ಯೆ ಇದು. ಆದ್ದರಿಂದಲೇ ಎಫ್-ಸಂಖ್ಯೆ ಕಡಿಮೆಯಾದಷ್ಟೂ ಕಂಡಿ ದೊಡ್ಡದು, ಬೆಳಕು ಹೆಚ್ಚು.

ತೂಕದ ಮೂಲ ಈ ಭಾಗಾಕಾರದಲ್ಲಿಯೇ ಇದೆ. 300 ಮಿ.ಮೀ. ಎಫ್/4 ಮಸೂರಕ್ಕೆ 75 ಮಿ.ಮೀ. ವ್ಯಾಸದ ಕಂಡಿ ಬೇಕು. ಅದೇ 300 ಮಿ.ಮೀ. ಎಫ್/2.8 ಆದರೆ ಸುಮಾರು 107 ಮಿ.ಮೀ. ಬೇಕು. ಟೆಲಿಫೋಟೊ ಮಸೂರಗಳಲ್ಲಿ ಮುಂಭಾಗದ ಗಾಜು ಕಂಡಿಯ ವ್ಯಾಸಕ್ಕಿಂತ ಕಿರಿದಾಗಿರಲು ಸಾಧ್ಯವಿಲ್ಲ. ಎಫ್/4ರಿಂದ ಎಫ್/2.8ಕ್ಕೆ ಹೋದಾಗ ಬೆಳಕು ಎರಡರಷ್ಟಾಗುತ್ತದೆ, ವ್ಯಾಸ ಸುಮಾರು 1.4 ಪಟ್ಟಾಗುತ್ತದೆ. ಆದರೆ ಗಾಜಿನ ತುಂಡನ್ನು ಉದ್ದ, ಅಗಲ, ದಪ್ಪ ಮೂರರಲ್ಲಿಯೂ ಅದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಅದರ ತೂಕ ಸುಮಾರು 2.8 ಪಟ್ಟಾಗುತ್ತದೆ. ಅಂದರೆ ಬೆಳಕು ಹೆಚ್ಚುವುದಕ್ಕಿಂತ ಬೇಗನೆ ಭಾರ ಹೆಚ್ಚುತ್ತದೆ.

ತಯಾರಕರು ನೀಡುವ ತೂಕಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಕ್ಯಾನನ್ ಸಂಸ್ಥೆಯ ಇಎಫ್ 70–200 ಮಿ.ಮೀ. ಎಫ್/4 ಎಲ್ ಐಎಸ್ ಮಸೂರ 760 ಗ್ರಾಂ. ಅದೇ ವ್ಯಾಪ್ತಿಯ ಎಫ್/2.8 ಎಲ್ ಐಎಸ್ ಎರಡನೆಯ ಆವೃತ್ತಿ 1,490 ಗ್ರಾಂ. ನಿಕಾನ್ ಸಂಸ್ಥೆಯ ಝಡ್ 24–70 ಮಿ.ಮೀ. ಎಫ್/4 ಮಸೂರ 500 ಗ್ರಾಂ, ಎಫ್/2.8 ಮಸೂರ 805 ಗ್ರಾಂ. ಮೊದಲ ಜೋಡಿಯಲ್ಲಿ ಉಳಿಯುವ 730 ಗ್ರಾಂ ಎಂದರೆ ಸುಮಾರು ಮುಕ್ಕಾಲು ಲೀಟರ್ ನೀರಿನ ತೂಕ. ಬೇಸಿಗೆಯಲ್ಲಿ 40 ಡಿಗ್ರಿ ತಲಪುವ ಬೀದರಿನಂತಹ ಸೀಮೆಯಲ್ಲಿ ನಡೆಯುವವರಿಗೆ ಈ ಹೋಲಿಕೆ ಬರಿಯ ಲೆಕ್ಕವಲ್ಲ.

ಗಾಜಿನ ಹೊರತಾಗಿ ಲೋಹದ ಕವಚ, ಜೂಮ್ ಚಲನೆಯ ಭಾಗಗಳು, ಫೋಕಸ್ ಮೋಟಾರು, ಟ್ರೈಪಾಡಿಗೆ ಜೋಡಿಸುವ ಪಟ್ಟಿ ಇವೂ ತೂಕವನ್ನು ಹೆಚ್ಚಿಸುತ್ತವೆ. ಪ್ಲಾಸ್ಟಿಕ್ ಕವಚದ ಮಸೂರಗಳು ಹಗುರವಾಗಿರುತ್ತವೆ, ಆದರೆ ಕಲ್ಲಿಗೆ ಬಡಿದಾಗ ತಾಳಿಕೊಳ್ಳುವ ಶಕ್ತಿ ಅವುಗಳಿಗೆ ಸಾಮಾನ್ಯವಾಗಿ ಕಡಿಮೆ.

ಸಂವೇದಕದ ಅಳತೆಯ ಪ್ರಭಾವ

ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಫಲಕವನ್ನು ಸಂವೇದಕ ಅಥವಾ ಸೆನ್ಸರ್ ಎನ್ನುತ್ತಾರೆ. ಪೂರ್ಣ ಚೌಕಟ್ಟಿನ ಸಂವೇದಕ 36 × 24 ಮಿ.ಮೀ., ಎಪಿಎಸ್-ಸಿ ಸುಮಾರು 23.5 × 15.6 ಮಿ.ಮೀ., ಮೈಕ್ರೊ ಫೋರ್ ಥರ್ಡ್ಸ್ ಸುಮಾರು 17.3 × 13 ಮಿ.ಮೀ. ಇರುತ್ತದೆ. ಸಂವೇದಕ ಚಿಕ್ಕದಾದಂತೆ ಅದೇ ಮಸೂರದ ನೋಟ ಕಿರಿದಾಗುತ್ತದೆ. ಪೂರ್ಣ ಚೌಕಟ್ಟಿನ ಲೆಕ್ಕದಲ್ಲಿ ಹೇಳುವುದಾದರೆ 300 ಮಿ.ಮೀ. ಮಸೂರ ಎಪಿಎಸ್-ಸಿ ಕ್ಯಾಮೆರಾದಲ್ಲಿ ಸುಮಾರು 450 ಮಿ.ಮೀ., ಮೈಕ್ರೊ ಫೋರ್ ಥರ್ಡ್ಸ್ ಕ್ಯಾಮೆರಾದಲ್ಲಿ ಸುಮಾರು 600 ಮಿ.ಮೀ. ಮಸೂರದಷ್ಟೇ ಕಿರಿದಾದ ನೋಟವನ್ನು ಕೊಡುತ್ತದೆ.

ದೂರದ ಪ್ರಾಣಿ, ಪಕ್ಷಿಗಳನ್ನು ಚಿತ್ರಿಸುವ ಚಾರಣಿಗರಿಗೆ ಇದರಿಂದ ದೊಡ್ಡ ಅನುಕೂಲವಾಗುತ್ತದೆ. ಪೂರ್ಣ ಚೌಕಟ್ಟಿಗೆ ಒದಗುವ ಸಿಗ್ಮಾ 150–600 ಮಿ.ಮೀ. ಕಂಟೆಂಪೊರರಿ ಮಸೂರ 1,930 ಗ್ರಾಂ ತೂಗುತ್ತದೆ. ಒಲಿಂಪಸ್ 75–300 ಮಿ.ಮೀ. ಎರಡನೆಯ ಆವೃತ್ತಿ 423 ಗ್ರಾಂ ಮಾತ್ರ ಇದ್ದು, ತನ್ನ ಕ್ಯಾಮೆರಾದಲ್ಲಿ ಹೆಚ್ಚುಕಡಿಮೆ ಅಷ್ಟೇ ವ್ಯಾಪ್ತಿಯ ನೋಟವನ್ನು ನೀಡುತ್ತದೆ. ಆದರೆ ಚಿಕ್ಕ ಸಂವೇದಕ ಸಂಗ್ರಹಿಸುವ ಒಟ್ಟು ಬೆಳಕೂ ಕಡಿಮೆಯಾದ್ದರಿಂದ ಮಬ್ಬುಬೆಳಕಿನಲ್ಲಿ ಚಿತ್ರದಲ್ಲಿ ಕಾಳುಕಾಳಾದ ಕಲೆಗಳು ಬೇಗನೆ ತೋರುತ್ತವೆ. ಹಿನ್ನೆಲೆಯನ್ನು ಮಸುಕುಗೊಳಿಸುವ ಸಾಮರ್ಥ್ಯವೂ ಅಷ್ಟಿರುವುದಿಲ್ಲ.

ಮಸೂರದ ಬಗೆಗಳು

ಚಾರಣದಲ್ಲಿ ಬಳಕೆಯಲ್ಲಿರುವ ಹಗುರ ಮಸೂರಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು.

ಪ್ಯಾನ್‌ಕೇಕ್ ಮಸೂರ: ದಪ್ಪ ದೋಸೆಯಂತೆ ಚಪ್ಪಟೆಯಾಗಿರುವುದರಿಂದ ಈ ಹೆಸರು. ಇವುಗಳ ಸಂಗಮ ದೂರ ಸ್ಥಿರ. ಇವುಗಳಲ್ಲಿ ಹಲವು ಜೈಸ್ ಸಂಸ್ಥೆಯ ಪಾಲ್ ರುಡಾಲ್ಫ್ 1902ರಲ್ಲಿ ರೂಪಿಸಿದ ಟೆಸ್ಸಾರ್ ಎಂಬ ನಾಲ್ಕು ಗಾಜುಗಳ ಸರಳ ವಿನ್ಯಾಸಕ್ಕೆ ಋಣಿಯಾಗಿವೆ. ಕ್ಯಾನನ್ ಇಎಫ್-ಎಸ್ 24 ಮಿ.ಮೀ. ಎಫ್/2.8 ಮಸೂರ 125 ಗ್ರಾಂ, ಇಎಫ್ 40 ಮಿ.ಮೀ. ಎಫ್/2.8 ಮಸೂರ 130 ಗ್ರಾಂ, ಫ್ಯೂಜಿಫಿಲ್ಮ್ 27 ಮಿ.ಮೀ. ಎಫ್/2.8 ಮೊದಲ ಆವೃತ್ತಿ 78 ಗ್ರಾಂ ಇವೆ. ಕ್ಯಾಮೆರಾವನ್ನು ಅಂಗಿಯ ಮೇಲೆ ಅಡ್ಡಪಟ್ಟಿಯಲ್ಲಿ ತೂಗುಬಿಟ್ಟು ಬಂಡೆ ಹತ್ತುವವರಿಗೆ ಇವು ಅನುಕೂಲ.

ಸಾಮಾನ್ಯ ಸ್ಥಿರ ಮಸೂರ: 50 ಮಿ.ಮೀ. ಎಫ್/1.8 ಮಸೂರಗಳು ಈ ವರ್ಗದಲ್ಲಿ ಪ್ರಸಿದ್ಧ. ಕ್ಯಾನನ್ ಸಂಸ್ಥೆಯದು ಸುಮಾರು 160 ಗ್ರಾಂ. ಕಡಿಮೆ ಬೆಲೆ, ಹೆಚ್ಚು ಬೆಳಕು, ಒಳ್ಳೆಯ ಸ್ಪಷ್ಟತೆ ಇವುಗಳ ಗುಣ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಇವುಗಳ ನೋಟ ಕಿರಿದಾಗುವುದರಿಂದ ವಿಶಾಲ ಭೂದೃಶ್ಯಕ್ಕಿಂತ ಜನರ ಮುಖ, ಶಿಲ್ಪ, ಹೂಗಳಿಗೆ ಹೆಚ್ಚು ಒದಗುತ್ತವೆ.

ವಿಶಾಲಕೋನ ಮಸೂರ: ಕ್ಯಾನನ್ ಇಎಫ್-ಎಸ್ 10–18 ಮಿ.ಮೀ. ಮಸೂರ 240 ಗ್ರಾಂ, ಪೂರ್ಣ ಚೌಕಟ್ಟಿನ ಆರ್‌ಎಫ್ 16 ಮಿ.ಮೀ. ಎಫ್/2.8 ಮಸೂರ 165 ಗ್ರಾಂ. ಕಣಿವೆ, ಆಕಾಶ, ಕಟ್ಟಡದ ಒಳಭಾಗ ಇವುಗಳಿಗೆ ತಕ್ಕ ಮಸೂರವಿದು. ಇದರಲ್ಲಿ ದೂರದ ಬೆಟ್ಟಗಳು ತೀರ ಚಿಕ್ಕದಾಗಿ ಕಾಣುವುದರಿಂದ ಚಿತ್ರದ ಮುಂಭಾಗದಲ್ಲಿ ಬಂಡೆಯನ್ನೋ ಮರವನ್ನೋ ಇರಿಸಿಕೊಳ್ಳುವುದು ರೂಢಿ.

ಕಿಟ್ ಜೂಮ್: ಕ್ಯಾಮೆರಾದೊಂದಿಗೆ ಬರುವ 18–55 ಮಿ.ಮೀ. ಬಗೆಯ ಮಸೂರ. ಇದನ್ನು ಅನೇಕರು ಕಡೆಗಣಿಸುತ್ತಾರೆ. ಆದರೆ ಎಫ್/8ರ ಆಸುಪಾಸಿನಲ್ಲಿ ಬಳಸಿದಾಗ ಹಗಲಿನ ಭೂದೃಶ್ಯಕ್ಕೆ ಇದರ ಗುಣಮಟ್ಟ ಸಾಕಾಗುತ್ತದೆ. ನಿಕಾನ್ 18–55 ಮಿ.ಮೀ. ವಿಆರ್ ಎರಡನೆಯ ಆವೃತ್ತಿ 195 ಗ್ರಾಂ ಮಾತ್ರ.

ದೀರ್ಘ ವ್ಯಾಪ್ತಿಯ ಜೂಮ್: ವಿಶಾಲಕೋನದಿಂದ ಟೆಲಿಫೋಟೊವರೆಗೆ ಒಂದೇ ಮಸೂರದಲ್ಲಿ ಒದಗಿಸುವ ಬಗೆ. ನಿಕಾನ್ 18–140 ಮಿ.ಮೀ. ಮಸೂರ 490 ಗ್ರಾಂ. ಅದರ ಬದಲು 18–55 ಮತ್ತು 55–200 ಮಿ.ಮೀ. ವಿಆರ್ ಎರಡನೆಯ ಆವೃತ್ತಿಗಳನ್ನು ಒಯ್ದರೆ ಒಟ್ಟು 495 ಗ್ರಾಂ. ತೂಕ ಒಂದೇ ಆದರೂ ಜೋಡಿಯಲ್ಲಿ ದೂರದ ವ್ಯಾಪ್ತಿ ಹೆಚ್ಚು, ಒಂಟಿ ಮಸೂರದಲ್ಲಿ ಧೂಳು ಮಳೆಗಳ ನಡುವೆ ಮಸೂರ ಬದಲಿಸುವ ತಾಪತ್ರಯವಿಲ್ಲ.

ಹಗುರ ಟೆಲಿಫೋಟೊ: ಕ್ಯಾನನ್ ಇಎಫ್-ಎಸ್ 55–250 ಮಿ.ಮೀ. ಎಸ್‌ಟಿಎಂ ಮಸೂರ 375 ಗ್ರಾಂ, ನಿಕಾನ್ ಎಎಫ್-ಪಿ ಡಿಎಕ್ಸ್ 70–300 ಮಿ.ಮೀ. ವಿಆರ್ ಮಸೂರ 415 ಗ್ರಾಂ. ಇವುಗಳ ಗರಿಷ್ಠ ಕಂಡಿ ಕಿರಿದು. ಒಳ್ಳೆಯ ಬೆಳಕಿನಲ್ಲಿ ಮಾತ್ರ ಪೂರ್ಣ ಫಲ ಕೊಡುತ್ತವೆ.

ವಿವರ್ತನ ಮಸೂರ: ಗಾಜಿನ ಮೇಲೆ ಅತಿ ಸೂಕ್ಷ್ಮ ವರ್ತುಲಾಕಾರದ ಗೆರೆಗಳನ್ನು ರೂಪಿಸಿ ಬೆಳಕನ್ನು ಬಾಗಿಸುವ ಈ ತಂತ್ರದಿಂದ ಉದ್ದವೂ ತೂಕವೂ ಗಣನೀಯವಾಗಿ ತಗ್ಗುತ್ತವೆ. ನಿಕಾನ್ ಸಂಸ್ಥೆಯ ಹಳೆಯ 300 ಮಿ.ಮೀ. ಎಫ್/4 ಡಿ ಮಸೂರ 1,440 ಗ್ರಾಂ ಇದ್ದರೆ 2015ರಲ್ಲಿ ಬಂದ ಪಿಎಫ್ ಬಗೆಯ 300 ಮಿ.ಮೀ. ಎಫ್/4 ಮಸೂರ 755 ಗ್ರಾಂ ಇದೆ. ಬಲವಾದ ದೀಪ ಅಥವಾ ಸೂರ್ಯ ಚೌಕಟ್ಟಿನೊಳಗಿದ್ದಾಗ ಅದರ ಸುತ್ತ ಬಣ್ಣದ ಉಂಗುರ ಮೂಡಬಹುದಾದದ್ದು ಈ ತಂತ್ರದ ಕೊರತೆ. ಬೆಲೆಯೂ ಹೆಚ್ಚು.

ಆಯ್ಕೆಯ ಕ್ರಮ

ಹೊಸ ಮಸೂರವನ್ನು ಕೊಳ್ಳುವ ಮೊದಲು ತಾವು ಈಗಾಗಲೇ ತೆಗೆದ ಚಿತ್ರಗಳನ್ನು ಪರಿಶೀಲಿಸುವುದು ಉಪಯುಕ್ತ. ಡಿಜಿಟಲ್ ಚಿತ್ರದ ಕಡತದಲ್ಲಿ ಸಂಗಮ ದೂರ, ಎಫ್-ಸಂಖ್ಯೆ, ಷಟರ್ ವೇಗ ಇವೆಲ್ಲ ತಾವಾಗಿಯೇ ದಾಖಲಾಗಿರುತ್ತವೆ. ಮೆಚ್ಚಿಗೆಯಾದ ಐವತ್ತು ಚಿತ್ರಗಳನ್ನು ಆರಿಸಿ ಅವು ಯಾವ ಸಂಗಮ ದೂರದಲ್ಲಿ ತೆಗೆದವು ಎಂದು ಪಟ್ಟಿ ಮಾಡಿದರೆ ತಮ್ಮ ಕಣ್ಣಿನ ಒಲವು ಯಾವ ಕಡೆಗಿದೆ ಎಂಬುದು ತಿಳಿಯುತ್ತದೆ. ಹೆಚ್ಚಿನವು 18ರಿಂದ 35 ಮಿ.ಮೀ. ನಡುವೆ ಇದ್ದರೆ ಭಾರವಾದ ಟೆಲಿಫೋಟೊವನ್ನು ಹೊತ್ತು ಬೆಟ್ಟ ಹತ್ತುವುದರಲ್ಲಿ ಅರ್ಥವಿಲ್ಲ.

ಸ್ಥಿರ ಮಸೂರ ತಮಗೆ ಒಗ್ಗುವುದೇ ಎಂದು ತಿಳಿಯಲು ಜೂಮ್ ಮಸೂರದ ಬಳೆಯನ್ನು ಒಂದು ಸಂಗಮ ದೂರಕ್ಕೆ ಇರಿಸಿ, ಅಂಟುಪಟ್ಟಿ ಹಚ್ಚಿ, ಒಂದು ದಿನ ಅದರಲ್ಲಿಯೇ ಚಿತ್ರ ತೆಗೆದು ನೋಡಬಹುದು. ಇದಕ್ಕೆ ಖರ್ಚಿಲ್ಲ.

ಬೆಳಕಿನ ಅಗತ್ಯವನ್ನು ಲೆಕ್ಕದಿಂದಲೇ ಅಂದಾಜಿಸಬಹುದು. ಪೂರ್ಣ ಬಿಸಿಲಿನಲ್ಲಿ ಎಫ್/16 ಇರಿಸಿ, ಐಎಸ್‌ಒ ಸಂಖ್ಯೆ 100 ಆದರೆ ಸೆಕೆಂಡಿನ ನೂರನೆಯ ಒಂದು ಭಾಗದ ಷಟರ್ ವೇಗ ಸಾಕು ಎಂಬುದು ಛಾಯಾಗ್ರಾಹಕರ ಹಳೆಯ ಸೂತ್ರ. ಅದೇ ಬೆಳಕಿನಲ್ಲಿ ಎಫ್/8ಕ್ಕೆ 1/400 ಸೆಕೆಂಡ್ ದೊರೆಯುತ್ತದೆ. ಅಂದರೆ ಬಯಲಿನಲ್ಲಿ ಎಫ್/2.8 ಮಸೂರದ ಹೆಚ್ಚುವರಿ ಗಾಜು ಬಹುಮಟ್ಟಿಗೆ ಕೆಲಸವಿಲ್ಲದೆ ಉಳಿಯುತ್ತದೆ. ದಟ್ಟ ಕಾಡಿನೊಳಗೆ ಬೆಳಕು ಮೂವತ್ತೆರಡನೆಯ ಒಂದು ಪಾಲಿಗೆ ಇಳಿದಿದೆ ಎಂದಿಟ್ಟುಕೊಂಡರೆ, ಐಎಸ್‌ಒ 100ರಲ್ಲಿ ಎಫ್/5.6 ಮಸೂರಕ್ಕೆ ಸುಮಾರು 1/25 ಸೆಕೆಂಡ್, ಎಫ್/2.8 ಮಸೂರಕ್ಕೆ ಸುಮಾರು 1/100 ಸೆಕೆಂಡ್ ಸಿಗುತ್ತದೆ. ಆದರೆ ಐಎಸ್‌ಒ ಸಂಖ್ಯೆಯನ್ನು 400ಕ್ಕೆ ಏರಿಸಿದರೆ ಎಫ್/5.6 ಮಸೂರಕ್ಕೂ 1/100 ಸೆಕೆಂಡ್ ದೊರೆಯುತ್ತದೆ. ಇಂದಿನ ಕ್ಯಾಮೆರಾಗಳಲ್ಲಿ ಐಎಸ್‌ಒ 400ರ ಚಿತ್ರಕ್ಕೆ ಕಣ್ಣಿಗೆ ಕಾಣುವಂಥ ಹಾನಿ ಆಗುವುದಿಲ್ಲ. ಫಿಲ್ಮಿನ ಕಾಲದಲ್ಲಿ ಗಾಜಿನಿಂದ ಪಡೆಯಬೇಕಿದ್ದ ಬೆಳಕಿನ ಒಂದು ಪಾಲನ್ನು ಈಗ ಸಂವೇದಕವೇ ಒದಗಿಸುತ್ತದೆ. ಹಗುರ ಮಸೂರಗಳ ಮಹತ್ವ ಹೆಚ್ಚಲು ಇದು ಮುಖ್ಯ ಕಾರಣ.

ದೂರದ ವಸ್ತುವಿನ ವಿಷಯದಲ್ಲಿ ಇಂತಹ ಬದಲಿ ಉಪಾಯವಿಲ್ಲ. ಎಪಿಎಸ್-ಸಿ ಕ್ಯಾಮೆರಾದಲ್ಲಿ 100 ಮೀಟರ್ ದೂರದಲ್ಲಿ ಚೌಕಟ್ಟಿಗೆ ಒಳಪಡುವ ಅಗಲ ಸುಮಾರು ಹೀಗಿರುತ್ತದೆ:

18 ಮಿ.ಮೀ. ಮಸೂರ – 130 ಮೀಟರ್
50 ಮಿ.ಮೀ. ಮಸೂರ – 47 ಮೀಟರ್
200 ಮಿ.ಮೀ. ಮಸೂರ – 12 ಮೀಟರ್
300 ಮಿ.ಮೀ. ಮಸೂರ – 8 ಮೀಟರ್

ಒಂದು ಮೀಟರಿಗಿಂತ ತುಸು ಉದ್ದವಿರುವ ಜಿಂಕೆ 50 ಮಿ.ಮೀ. ಮಸೂರದಲ್ಲಿ ಚುಕ್ಕೆಯಂತೆ ಉಳಿಯುತ್ತದೆ, 300 ಮಿ.ಮೀ. ಮಸೂರದಲ್ಲಿ ಚೌಕಟ್ಟಿನ ಏಳನೆಯ ಒಂದು ಭಾಗದಷ್ಟನ್ನು ತುಂಬುತ್ತದೆ. ಪ್ರಾಣಿಗಳ ಚಿತ್ರವೇ ಉದ್ದೇಶವಾದರೆ ಬೆಳಕನ್ನು ಬಿಟ್ಟುಕೊಟ್ಟಾದರೂ ಸಂಗಮ ದೂರವನ್ನು ಉಳಿಸಿಕೊಳ್ಳಬೇಕು.

ಕರ್ನಾಟಕದ ಚಾರಣ ತಾಣಗಳಲ್ಲಿ

ಬೀದರ್ ಸೀಮೆ: ಬೀದರ್ ನಗರ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಬಂಡೆಯಲ್ಲಿ ಕಡಿದ ಮೂರು ಸಾಲಿನ ಕಂದಕವುಳ್ಳ ಇಲ್ಲಿನ ಕೋಟೆಯನ್ನು ಸುತ್ತುವುದೇ ಒಂದು ಸಣ್ಣ ಚಾರಣ. ಕೋಟೆಯ ಗೋಡೆ, ಬುರುಜು, ಬಾಗಿಲುಗಳಿಗೆ 18–55 ಮಿ.ಮೀ. ಮಸೂರ ಸಾಕು. 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನನ ಮದರಸಾದ ಉಳಿದಿರುವ ಮಿನಾರನ್ನು ಬುಡದಿಂದ ತುದಿಯವರೆಗೆ ಹತ್ತಿರದಿಂದ ಹಿಡಿಯಲು ವಿಶಾಲಕೋನ ಬೇಕಾಗುತ್ತದೆ. ಆದರೆ ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಕಟ್ಟಡ ಹಿಂದಕ್ಕೆ ವಾಲಿದಂತೆ ಕಾಣುವುದರಿಂದ, ಹಿಂದೆ ಸರಿಯಲು ಜಾಗವಿದ್ದರೆ ಸರಿದು ಸಾಮಾನ್ಯ ಮಸೂರವನ್ನೇ ಬಳಸುವುದು ಲೇಸು. ಅಲ್ಲಿನ ಹೆಂಚಿನ ಅಲಂಕಾರದ ವಿವರಗಳಿಗೆ 50 ಮಿ.ಮೀ. ಮಸೂರ ಹೊಂದುತ್ತದೆ. ನಗರದ ಪೂರ್ವಕ್ಕಿರುವ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳ ಸಾಲಿದೆ. ಹೊರಗಿನ ಗುಮ್ಮಟಗಳಿಗೆ ಯಾವ ಮಸೂರವಾದರೂ ಆದೀತು. ಅಹಮದ್ ಷಾ ವಲಿಯ ಗೋರಿಯ ಒಳಗಿನ ವರ್ಣಚಿತ್ರಗಳು ಮಬ್ಬುಬೆಳಕಿನಲ್ಲಿರುವುದರಿಂದ ಎಫ್/1.8 ಮಸೂರ ಅಲ್ಲಿ ಸಾರ್ಥಕವಾಗುತ್ತದೆ. ಹಳೆಯ ವರ್ಣಚಿತ್ರಗಳ ಮೇಲೆ ಫ್ಲ್ಯಾಷ್ ಬೆಳಕು ಬೀರುವುದು ಸಲ್ಲದು.

ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ಬಯಲಿನಲ್ಲಿ ಸ್ಥಿತಿ ಬೇರೆ. ಮಾಂಜ್ರಾ, ಕಾರಂಜಾ ನದಿಗಳ ಆಸುಪಾಸಿನ ಎರೆಹೊಲಗಳಲ್ಲಿ, ಮೆಹಕರದಂತಹ ಗಡಿಯೂರುಗಳ ಕಡೆಗೆ ಸಾಗುವ ದಾರಿಗಳಲ್ಲಿ ದಿಗಂತ ಬಹು ದೂರದವರೆಗೆ ತೆರೆದಿರುತ್ತದೆ. ಮರೆಯಿಲ್ಲದ ಈ ನೆಲದಲ್ಲಿ ಮನುಷ್ಯನನ್ನು ಪ್ರಾಣಿಗಳು ದೂರದಿಂದಲೇ ಗುರುತಿಸುತ್ತವೆ. ಬೀದರ್ ಜಿಲ್ಲೆಯ ಹುಲ್ಲುಗಾವಲು ಮತ್ತು ಹೊಲಗಳಲ್ಲಿ ಕೃಷ್ಣಮೃಗಗಳಿವೆ. ಕಾರಂಜಾ ಜಲಾಶಯದ ಹಿನ್ನೀರಿನಲ್ಲಿ ಚಳಿಗಾಲದ ನೀರುಹಕ್ಕಿಗಳು ಕಾಣಸಿಗುತ್ತವೆ. ಬೆಳಕು ಧಾರಾಳವಾಗಿ ಇರುವುದರಿಂದ ಎಫ್/6.3ರ ಆಸುಪಾಸಿನ ಹಗುರ 70–300 ಮಿ.ಮೀ. ಮಸೂರ ಇಲ್ಲಿಗೆ ಸರಿಯಾದ ಆಯ್ಕೆ. ಬೇಸಿಗೆಯ ನಡುಹಗಲಿನಲ್ಲಿ ಕಾದ ನೆಲದಿಂದ ಏಳುವ ಗಾಳಿ ದೂರದ ಚಿತ್ರವನ್ನು ನಡುಗಿಸುತ್ತದೆ. ಎಷ್ಟೇ ಬೆಲೆಬಾಳುವ ಮಸೂರವೂ ಇದನ್ನು ಸರಿಪಡಿಸಲಾರದು. ಬೆಳಗಿನ ಅಥವಾ ಸಂಜೆಯ ಹೊತ್ತನ್ನು ಆರಿಸುವುದೊಂದೇ ಉಪಾಯ.

ಪಶ್ಚಿಮ ಘಟ್ಟದ ಶಿಖರಗಳು: ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್, ಕುಮಾರ ಪರ್ವತದ್ದು 1,712 ಮೀಟರ್, ಕೊಡಚಾದ್ರಿಯದು 1,343 ಮೀಟರ್. ಕುಮಾರ ಪರ್ವತವನ್ನು ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತುವವರು ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಎತ್ತರವನ್ನು ಕಾಲ್ನಡಿಗೆಯಲ್ಲಿ ಏರಬೇಕಾಗುತ್ತದೆ. ಇಂತಹ ಏರಿನಲ್ಲಿ ಒಂದು ಕಿಟ್ ಜೂಮ್ ಅಥವಾ ಒಂದು ಪ್ಯಾನ್‌ಕೇಕ್ ಮಸೂರಕ್ಕೆ ಮಿತಿಗೊಳಿಸಿಕೊಳ್ಳುವುದು ಹಿತಕರ. ಒಂದರ ಹಿಂದೊಂದು ಮಸುಕಾಗುತ್ತ ಹೋಗುವ ಬೆಟ್ಟಸಾಲುಗಳನ್ನು ಚಿತ್ರಿಸಲು ವಿಶಾಲಕೋನಕ್ಕಿಂತ 85ರಿಂದ 200 ಮಿ.ಮೀ. ನಡುವಿನ ಮಸೂರ ಹೆಚ್ಚು ಒದಗುತ್ತದೆ ಎಂಬುದನ್ನು ಗಮನಿಸಬೇಕು.

ಮಳೆಕಾಡು: ಆಗುಂಬೆಯಂತಹ ನಿತ್ಯಹರಿದ್ವರ್ಣದ ಕಾಡಿನಲ್ಲಿ ನೆಲಕ್ಕೆ ತಲಪುವ ಬೆಳಕು ತೀರ ಕಡಿಮೆ. ಕಪ್ಪೆ, ಅಣಬೆ, ಆರ್ಕಿಡ್‌ಗಳೆಲ್ಲ ಹತ್ತಿರದ ವಸ್ತುಗಳು. ಇಲ್ಲಿ ದೂರದ ಮಸೂರವನ್ನು ಬಿಟ್ಟು, ಎಫ್/1.8 ಅಥವಾ ಎಫ್/2.8ರ ಸ್ಥಿರ ಮಸೂರವನ್ನೋ ಹಗುರವಾದ ಮ್ಯಾಕ್ರೊ ಮಸೂರವನ್ನೋ ಒಯ್ಯುವುದು ಸೂಕ್ತ.

ಸ್ಥಿರತೆ ಮತ್ತು ಟ್ರೈಪಾಡ್

ಕೈಯಲ್ಲಿ ಹಿಡಿದು ಚಿತ್ರ ತೆಗೆಯುವಾಗ ಷಟರ್ ವೇಗ ಪೂರ್ಣ ಚೌಕಟ್ಟಿನ ಲೆಕ್ಕದ ಸಂಗಮ ದೂರಕ್ಕೆ ಸರಿಸಮವಾಗಿರಬೇಕು ಎಂಬುದು ಸ್ಥೂಲ ನಿಯಮ. ಎಪಿಎಸ್-ಸಿ ಕ್ಯಾಮೆರಾದಲ್ಲಿ 300 ಮಿ.ಮೀ. ಮಸೂರಕ್ಕೆ ಸುಮಾರು 1/500 ಸೆಕೆಂಡ್ ಬೇಕು. ನಾಲ್ಕು ಸ್ಟಾಪ್‌ನಷ್ಟು ಕಂಪನ ನಿವಾರಣೆಯುಳ್ಳ ಮಸೂರದಲ್ಲಿ ನಿಶ್ಚಲ ವಸ್ತುವನ್ನು ಸುಮಾರು 1/30 ಸೆಕೆಂಡಿನಲ್ಲಿಯೂ ಹಿಡಿಯಬಹುದು. ಹೀಗೆ ಈ ವ್ಯವಸ್ಥೆಯು ಟ್ರೈಪಾಡಿನ ಭಾರವನ್ನು ಉಳಿಸುತ್ತದೆ. ಆದರೆ ಇದು ಕೈ ನಡುಕವನ್ನು ತಡೆಯುತ್ತದೆಯೇ ಹೊರತು ಓಡುವ ಜಿಂಕೆಯನ್ನು ನಿಲ್ಲಿಸುವುದಿಲ್ಲ. ಏದುಸಿರಿನಲ್ಲಿ ಹತ್ತಿ ಬಂದ ಕೂಡಲೇ ಕೈ ಹೆಚ್ಚು ನಡುಗುವುದರಿಂದ ಎರಡು ನಿಮಿಷ ಸುಧಾರಿಸಿಕೊಂಡು, ಬೆನ್ನುಚೀಲವನ್ನು ಬಂಡೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾವನ್ನು ಊರುವುದು ಉತ್ತಮ ಅಭ್ಯಾಸ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕು.

ಮಳೆ, ಧೂಳು ಮತ್ತು ಬೂಷ್ಟು

ಗಾಳಿಯ ತೇವ ಹೆಚ್ಚಿರುವ ಮಲೆನಾಡು, ಕರಾವಳಿಗಳಲ್ಲಿ ಮಸೂರದ ಒಳಗಿನ ಗಾಜಿನ ಮೇಲೆ ಬೂಷ್ಟು ಬೆಳೆಯುವುದು ಸಾಮಾನ್ಯ. ಅದು ಜೇಡರ ಬಲೆಯಂತೆ ಹರಡಿ ಗಾಜಿನ ಲೇಪನವನ್ನು ಕೊರೆಯುತ್ತದೆ. ಚಾರಣದಿಂದ ಮರಳಿದ ಮೇಲೆ ಮಸೂರವನ್ನು ಒದ್ದೆ ಚೀಲದಲ್ಲಿಯೇ ಬಿಡದೆ, ಒಣ ಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಪೊಟ್ಟಣಗಳಿರುವ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಬಣ್ಣ ಬದಲಾದ ಜೆಲ್ಲನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಬಯಲುಸೀಮೆಯಲ್ಲಿ ಧೂಳೇ ಮುಖ್ಯ ಶತ್ರು. ಮಸೂರವನ್ನು ಬದಲಿಸುವಾಗ ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾದ ಬಾಯಿಯನ್ನು ಕೆಳಮುಖವಾಗಿ ಹಿಡಿಯಬೇಕು. ಗಾಜಿನ ಮೇಲಿನ ಕಣಗಳನ್ನು ಮೊದಲು ರಬ್ಬರ್ ಊದುಗೊಳವೆಯಿಂದ ಹಾರಿಸಿ, ಆಮೇಲೆ ಮಾತ್ರ ಬಟ್ಟೆಯಿಂದ ಒರೆಸಬೇಕು. ಇಲ್ಲದಿದ್ದರೆ ಮರಳಿನ ಕಣ ಗೀರು ಎಳೆಯುತ್ತದೆ. ಮಸೂರದ ಹುಡ್ 20–30 ಗ್ರಾಂ ತೂಕದ ಸಾಧನವಾದರೂ ಓರೆ ಬಿಸಿಲು, ಮಳೆಹನಿ ಮತ್ತು ಸಣ್ಣಪುಟ್ಟ ಪೆಟ್ಟುಗಳಿಂದ ಗಾಜನ್ನು ಕಾಯುತ್ತದೆ.

ಬಳಸಿದ ಮಸೂರವನ್ನು ಕೊಳ್ಳುವಾಗ ಅದರ ಒಂದು ತುದಿಯಿಂದ ಟಾರ್ಚ್ ಬೆಳಕು ಹಾಯಿಸಿ ಮತ್ತೊಂದು ತುದಿಯಿಂದ ನೋಡಿದರೆ ಬೂಷ್ಟಿನ ಎಳೆಗಳಿದ್ದರೆ ಕಾಣುತ್ತವೆ. ಕಂಡಿಯ ಎಲೆಗಳ ಮೇಲೆ ಎಣ್ಣೆಯ ಪಸೆ ಇದೆಯೇ, ಜೂಮ್ ಬಳೆ ಸರಾಗವಾಗಿ ತಿರುಗುತ್ತದೆಯೇ, ಫೋಕಸ್ ಮೋಟಾರು ಕೆಲಸ ಮಾಡುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಮಸೂರದ ಹಿಂಬದಿಯ ಜೋಡಣೆ ತಮ್ಮ ಕ್ಯಾಮೆರಾಕ್ಕೆ ಹೊಂದುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಜೋಡಣೆಗೆ ಅಡಾಪ್ಟರ್ ಬೇಕಾದರೆ ಅದರ ತೂಕವೂ ಲೆಕ್ಕಕ್ಕೆ ಸೇರುತ್ತದೆ.

ಸುರಕ್ಷತೆ ಮತ್ತು ಶಿಸ್ತು

ಬೆನ್ನುಚೀಲದ ತೂಕವನ್ನು ಲೆಕ್ಕ ಹಾಕುವಾಗ ನೀರು, ಆಹಾರ, ಮಳೆ ಅಂಗಿ, ಪ್ರಥಮ ಚಿಕಿತ್ಸೆಯ ಸಾಮಗ್ರಿ, ಟಾರ್ಚ್ ಇವನ್ನು ಮೊದಲು ತುಂಬಿ, ಉಳಿದ ಜಾಗದಲ್ಲಿ ಕ್ಯಾಮೆರಾವನ್ನು ಇರಿಸಬೇಕು. ಮಸೂರಕ್ಕೆ ಜಾಗ ಮಾಡಲು ನೀರಿನ ಬಾಟಲಿಯನ್ನು ಕೈಬಿಡುವುದು ಅಪಾಯಕಾರಿ. ಕುತ್ತಿಗೆಯಲ್ಲಿ ಜೋತುಬಿದ್ದ ಭಾರವಾದ ಮಸೂರ ಕಡಿದಾದ ಇಳಿಜಾರಿನಲ್ಲಿ ಮುಂದಕ್ಕೆ ತೂಗಿ ಸಮತೋಲ ತಪ್ಪಿಸುತ್ತದೆ. ಕೈಗಳು ಬೇಕಾಗುವ ಜಾಗಗಳಲ್ಲಿ ಕ್ಯಾಮೆರಾವನ್ನು ಚೀಲದೊಳಗೆ ಇಡಬೇಕು ಅಥವಾ ಎದೆಗೆ ಬಿಗಿಯಾಗಿ ಕಟ್ಟಿಕೊಳ್ಳಬೇಕು.

ಹಗುರ ಮಸೂರವನ್ನು ಆರಿಸಿದವರು ಅದರ ಮಿತಿಯನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಸಂಗಮ ದೂರ ಸಾಲದೆಂದು ಪ್ರಾಣಿಯ ಹತ್ತಿರಕ್ಕೆ ಹೋಗುವುದು, ಗೂಡಿನ ಬಳಿ ನಿಲ್ಲುವುದು, ಜಿಂಕೆಯ ಹಿಂಡನ್ನು ಅಟ್ಟುವುದು ತಪ್ಪು. ಕೃಷ್ಣಮೃಗವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿದ ಪ್ರಾಣಿ. ಪ್ರಾಣಿಯನ್ನು ಚಿಕ್ಕದಾಗಿಯೇ ಉಳಿಸಿ, ಅದು ಬದುಕುವ ಹುಲ್ಲುಗಾವಲು ಮತ್ತು ಆಕಾಶವನ್ನು ಸೇರಿಸಿಕೊಂಡು ತೆಗೆದ ಚಿತ್ರಕ್ಕೂ ಅದರದೇ ಆದ ಬೆಲೆಯಿದೆ. ಮುಂದೊಂದು ದಿನ ಆ ಬಯಲು ಹೊಲವಾಗಿಯೋ ಬಡಾವಣೆಯಾಗಿಯೋ ಬದಲಾದರೆ ಅಂತಹ ಚಿತ್ರವೇ ದಾಖಲೆಯಾಗಿ ಉಳಿಯುತ್ತದೆ. ರಕ್ಷಿತ ಅರಣ್ಯಗಳಲ್ಲಿ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೆಲವು ಸಫಾರಿ ತಾಣಗಳಲ್ಲಿ ಮಸೂರದ ಸಂಗಮ ದೂರವನ್ನು ಆಧರಿಸಿ ಕ್ಯಾಮೆರಾ ಶುಲ್ಕ ವಿಧಿಸುವುದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮೊಬೈಲ್ ಫೋನಿನೊಂದಿಗೆ ಹೋಲಿಕೆ

ವಿಶಾಲ ಭೂದೃಶ್ಯ, ಸಹಚಾರಣಿಗರ ಚಿತ್ರ ಮತ್ತು ದಾರಿಯ ದಾಖಲೆಗೆ ಈಗಿನ ಮೊಬೈಲ್ ಫೋನುಗಳು ಬಹುಮಟ್ಟಿಗೆ ಸಾಕಾಗುತ್ತವೆ. ಫೋನನ್ನು ಹೇಗೂ ಒಯ್ಯುವುದರಿಂದ ಅದು ಹೆಚ್ಚುವರಿ ಹೊರೆಯೂ ಅಲ್ಲ. ಆದುದರಿಂದ ವಿಶಾಲಕೋನದ ಕೆಲಸವನ್ನು ಫೋನಿಗೆ ಬಿಟ್ಟು, ಕ್ಯಾಮೆರಾಕ್ಕೆ ಹಗುರವಾದ ಒಂದೇ ಟೆಲಿಫೋಟೊ ಮಸೂರವನ್ನು ಜೋಡಿಸಿಕೊಂಡು ಹೊರಡುವ ಪದ್ಧತಿಯೂ ಇದೆ. ಆದರೆ ದಾರಿ ತಿಳಿಯಲು ಮತ್ತು ತುರ್ತು ಕರೆಗೆ ಫೋನೇ ಆಧಾರವಾಗಿರುವ ಕಡೆ ಅದರ ಬ್ಯಾಟರಿಯನ್ನು ಚಿತ್ರಗಳಿಗಾಗಿ ಬರಿದು ಮಾಡಬಾರದು. ಅಂತಹ ದಾರಿಗಳಲ್ಲಿ 200 ಗ್ರಾಂ ಒಳಗಿನ ಒಂದು ಮಸೂರವುಳ್ಳ ಪ್ರತ್ಯೇಕ ಕ್ಯಾಮೆರಾ, ಚಿತ್ರದ ಗುಣಮಟ್ಟವನ್ನು ಹೆಚ್ಚಿಸುವುದರ ಜೊತೆಗೆ ಫೋನನ್ನು ಅದರ ಮುಖ್ಯ ಕೆಲಸಕ್ಕೆ ಕಾಯ್ದಿರಿಸುತ್ತದೆ.